ಉಂಗುರದ ಹೋಳು

ಕ್ಲೂನ್‌ಬೆಗ್ ಹಳ್ಳಿಯಲ್ಲಿ ಡೀಲಿಯಾ ಫೀನಿಯ ಅಡುಗೆಯ ಕೈಗುಣದ ಬಗ್ಗೆ ಎರಡು ಮಾತಿರಲಿಲ್ಲ. ತಾಯಿ ಸತ್ತಾಗ ಅವಳಿಗೆ ಹದಿನೇಳು ವರ್ಷ. ಅಂದಿನಿಂದ ಒಲೆ ಅವಳದು, ಹಸುಗಳು ಅವಳವು, ತಂದೆ ತೇಡಿಯ ಮೌನವೂ ಅವಳ ಪಾಲಿನದೇ. ಹೆಂಡತಿ ಹೋದ ಮೇಲೆ ತೇಡಿ ಮಾತನಾಡುವುದನ್ನೇ ಬಿಟ್ಟಂತಿದ್ದ. ಚಹಾ ಬೇಕಾದರೆ ಬಟ್ಟಲನ್ನು ಮೇಜಿನ ಮೇಲೆ ಎರಡು ಸಲ ಕುಟ್ಟುತ್ತಿದ್ದ, ಅಷ್ಟೆ. ತಂಗಿ ವಿನ್ನಿ ಆಗ ಏಳು ವರ್ಷದ ಹುಡುಗಿ. ಅವಳಿಗೆ ತಲೆ ಬಾಚಿ, ಜ್ವರ ಬಂದಾಗ ಪಕ್ಕದಲ್ಲಿ ಮಲಗಿ, ಶಾಲೆಗೆ ಕಳಿಸಿ, ದೊಡ್ಡವಳಾಗಿ ಮಾಡಿದ್ದು ಡೀಲಿಯಾಳೇ. ಆ ಮನೆಯಲ್ಲಿ ಯಾರಾದರೂ ನಕ್ಕರೆ ಅದು ವಿನ್ನಿಯ ನಗುವೇ ಆಗಿರುತ್ತಿತ್ತು.

ವಿನ್ನಿಗೆ ಇಪ್ಪತ್ತೊಂದು ತುಂಬಿದ ವರ್ಷ, ಸುಗ್ಗಿ ಮುಗಿದ ಮೇಲೆ, ಹತ್ತು ದಿನದ ಅಂತರದಲ್ಲಿ ಎರಡು ಕರೆ ಬಂದವು. ಒಂದು ಇಂಗ್ಲೆಂಡಿನಿಂದ ಬಂದ ಕಾಗದ. ಅಲ್ಲಿನ ಒಂದು ಆಸ್ಪತ್ರೆಯವರು ಅವಳನ್ನು ದಾದಿಯ ತರಬೇತಿಗೆ ಸೇರಿಸಿಕೊಂಡಿದ್ದರು, ಜನವರಿಯಲ್ಲಿ ಬರಬೇಕೆಂದಿದ್ದರು. ಇನ್ನೊಂದು, ಜೌಗು ಬಯಲಿನ ಆಚೆ ದಂಡೆಯ ಮ್ಯಾಲಕಿ ಡೆವಾನಿಯ ಕಡೆಯಿಂದ ಬಂದ ಹೆಣ್ಣು ಕೇಳುವ ಮಾತು. ಮ್ಯಾಲಕಿಗೆ ಮೂವತ್ತೆಂಟು. ಒಳ್ಳೆಯ ಹುಲ್ಲುಗಾವಲಿತ್ತು, ಹೆಂಚಿನ ಮನೆಯಿತ್ತು, ಆ ಮನೆಯೊಳಗೆ ಕಬ್ಬಿಣದಂಥ ತಾಯಿಯೊಬ್ಬಳಿದ್ದಳು. ತೇಡಿ ಸಂಬಂಧಕ್ಕೆ ಒಪ್ಪಿದ. ವಿನ್ನಿ ಆಯಿತೆಂದೂ ಅನ್ನಲಿಲ್ಲ, ಇಲ್ಲವೆಂದೂ ಅನ್ನಲಿಲ್ಲ. ಇಂಗ್ಲೆಂಡಿನ ಕಾಗದವನ್ನು ತೆಗೆದು ಓದುವುದು, ಮಡಚಿ ಇಡುವುದು, ಮತ್ತೆ ತೆಗೆಯುವುದು ಮಾಡುತ್ತಿದ್ದಳು.

ಡೀಲಿಯಾ ಅದನ್ನು ನೋಡುತ್ತಿದ್ದಳು. ತಂಗಿ ಇಂಗ್ಲೆಂಡಿಗೆ ಹೋದರೆ ಮತ್ತೆ ಬರುವವಳಲ್ಲ ಎಂದು ಅವಳಿಗೆ ಗೊತ್ತಿತ್ತು. ಹೋದವರು ಯಾರೂ ಬಂದಿರಲಿಲ್ಲ. ಮಿಕ್ಕುವುದು ಒಲೆ, ಹಸು, ಮೇಜಿನ ಮೇಲೆ ಎರಡು ಸಲ ಕುಟ್ಟುವ ಬಟ್ಟಲು. ಡೆವಾನಿಯ ಮನೆಯಾದರೆ ಎರಡೂವರೆ ಮೈಲಿ. ಭಾನುವಾರ ಚರ್ಚಿನ ಪೂಜೆ ಮುಗಿಸಿ ನಡೆದರೂ ಹೋಗಿ ಬರಬಹುದು. ನಾಳೆ ಮಕ್ಕಳಾದರೆ ಅವು ಇಲ್ಲಿಗೂ ಓಡಿ ಬಂದಾವು. ತನಗೆ ಇನ್ನು ಮದುವೆಯ ಮಾತಿಲ್ಲ ಎಂಬುದನ್ನು ಅವಳು ಎಂದೋ ಒಪ್ಪಿಕೊಂಡಿದ್ದಳು. ಆದರೆ ಆ ಅಡುಗೆಮನೆಯಲ್ಲಿ ತಾನೊಬ್ಬಳೇ ಮುದುಕಿಯಾಗುವುದನ್ನು ಒಪ್ಪಿಕೊಂಡಿರಲಿಲ್ಲ.

ಅಕ್ಟೋಬರಿನ ಕೊನೆಯ ದಿನ, ಸತ್ತವರು ಮನೆಗೆ ಬರುತ್ತಾರೆನ್ನುವ ಹ್ಯಾಲೊವೀನ್ ಬಂತು. ಅಂದು ಮನೆಯಲ್ಲಿ ಮಾಂಸ ಬೇಯುವುದಿಲ್ಲ. ಹಿಂದಿನ ಸಂಜೆಯೇ ಡೀಲಿಯಾ ಒಣದ್ರಾಕ್ಷಿಯನ್ನು ತಣ್ಣಗಿನ ಕರಿ ಚಹಾದಲ್ಲಿ ನೆನೆ ಹಾಕಿದ್ದಳು. ಬೆಳಗ್ಗೆ ಹಿಟ್ಟು ನಾದಿ, ಉಬ್ಬಲು ಒಲೆಯ ಮಗ್ಗುಲಲ್ಲಿ ಬಟ್ಟೆ ಮುಚ್ಚಿ ಇಟ್ಟು, ಹಿತ್ತಿಲಿಗೆ ಹೋಗಿ ಮೊದಲ ಹಿಮ ತಿಂದು ಸಿಹಿಯಾದ ಕೇಲ್ ಸೊಪ್ಪು ಕೊಯ್ದು ತಂದಳು. ಆಲೂಗಡ್ಡೆ ಕುದಿಯಲಿಟ್ಟಳು. ಆಮೇಲೆ ಹಿಟ್ಟಿನ ಮುಂದೆ ಕುಳಿತು, ಪ್ರತಿವರ್ಷದಂತೆ ಬ್ರ್ಯಾಕ್ ರೊಟ್ಟಿಯೊಳಗೆ ಹುದುಗಿಸುವ ಸಾಮಾನುಗಳನ್ನು ಒಂದೊಂದಾಗಿ ಎಣ್ಣೆಗಾಗದದಲ್ಲಿ ಸುತ್ತಿದಳು: ಒಂದು ಚಿಂದಿ ಬಟ್ಟೆ, ಒಂದು ಕಡ್ಡಿ, ಒಂದು ಬಟಾಣಿ, ಒಂದು ನಾಣ್ಯ, ಒಂದು ಹಿತ್ತಾಳೆಯ ಉಂಗುರ. ಚಿಂದಿ ಸಿಕ್ಕವರಿಗೆ ಬಡತನ, ನಾಣ್ಯ ಸಿಕ್ಕವರಿಗೆ ಹಣ, ಕಡ್ಡಿ ಸಿಕ್ಕವಳಿಗೆ ಗಂಡನ ಕೈ ಏಟು, ಬಟಾಣಿ ಬಂದವರಿಗೆ ಮದುವೆಯೇ ಇಲ್ಲ. ಉಂಗುರ ಬಂದವಳು ವರ್ಷ ತಿರುಗುವುದರೊಳಗೆ ಮದುಮಗಳು. ಅದನ್ನು ಯಾರೂ ಪೂರ್ತಿ ನಂಬುತ್ತಿರಲಿಲ್ಲ. ಪೂರ್ತಿ ನಂಬದಿರುವ ಧೈರ್ಯವೂ ಯಾರಿಗೂ ಇರಲಿಲ್ಲ.

ಉಳಿದದ್ದನ್ನೆಲ್ಲ ಡೀಲಿಯಾ ಕಣ್ಣು ಮುಚ್ಚಿ ಅಲ್ಲಲ್ಲಿ ಒತ್ತಿದಳು. ಉಂಗುರವನ್ನು ಮಾತ್ರ ಕಣ್ಣು ತೆರೆದೇ ಒತ್ತಿದಳು. ಅದರ ನೇರಕ್ಕೆ ಮೇಲ್ಗಡೆ ಮೂರು ದ್ರಾಕ್ಷಿಯನ್ನು ಒತ್ತೊತ್ತಾಗಿ ಕೂರಿಸಿ, ಹಿಟ್ಟನ್ನು ಕಬ್ಬಿಣದ ಬೋಗುಣಿಗೆ ಇಳಿಸಿ, ಮುಚ್ಚಳದ ಮೇಲೆ ಕೆಂಡ ಹರಡಿದಳು.

ಮಬ್ಬು ಕವಿಯುವ ಹೊತ್ತಿಗೆ ಮೂವರೂ ಮೇಜಿಗೆ ಬಂದರು. ಮೊದಲು ಕೋಲ್‌ಕ್ಯಾನನ್: ಕೇಲ್ ಸೊಪ್ಪನ್ನೂ ಆಲೂಗಡ್ಡೆಯನ್ನೂ ಬಿಸಿ ಹಾಲು ಹೊಯ್ದು ಕುಟ್ಟಿದ ಗುಡ್ಡ, ನಡುವೆ ಬೆಣ್ಣೆ ಕರಗುವ ಗುಳಿ. ಸತ್ತ ತಾಯಿಯ ಪಾಲನ್ನು ಎತ್ತಿ ಒಲೆಯ ಬಳಿ ಇಟ್ಟ ಮೇಲೆ ಅವರು ಉಂಡರು. ಆಮೇಲೆ ಡೀಲಿಯಾ ಬ್ರ್ಯಾಕ್ ಕತ್ತರಿಸಿದಳು. ತಟ್ಟೆಯನ್ನು ಮೇಜಿನ ನಡುವೆ ಇಡುವಾಗ, ಮೂರು ದ್ರಾಕ್ಷಿಯ ಹೋಳು ತಂಗಿಯ ಕೈಯ ಕಡೆಗೆ ಬರುವಂತೆ ಒಂದಿಷ್ಟೇ ತಿರುಗಿಸಿದಳು.

ತೇಡಿಗೆ ಚಿಂದಿ ಬಂತು. ಅವನು ಅದನ್ನು ಬೆಂಕಿಗೆಸೆದ. ವಿನ್ನಿ ತನ್ನ ಹೋಳನ್ನು ಮುರಿದಳು. ಕಾಗದ ಕಂಡಿತು, ಬಿಚ್ಚಿದಳು. ನಗುತ್ತಾಳೆಂದು ಡೀಲಿಯಾ ಅಂದುಕೊಂಡಿದ್ದಳು. ವಿನ್ನಿ ನಗಲಿಲ್ಲ. ಉಂಗುರವನ್ನು ಬೆರಳಿಗೆ ಹಾಕಿ, ತೆಗೆದು, ಅಂಗೈಯಲ್ಲಿಟ್ಟುಕೊಂಡು ಬಹಳ ಹೊತ್ತು ನೋಡಿದಳು.

"ಸರಿ ಬಿಡು, ಹಾಗಿದ್ರೆ ಹಾಗೇ ಆಗ್ಲಿ" ಅಂದಳು.

ಮುಂದಿನ ಫೆಬ್ರುವರಿಯಲ್ಲಿ, ಚರ್ಚು ಮದುವೆ ಮಾಡಿಸದ ಉಪವಾಸದ ದಿನಗಳು ಶುರುವಾಗುವ ಮೊದಲು, ವಿನ್ನಿ ಡೆವಾನಿಯ ಮನೆ ಸೇರಿದಳು.

ಮ್ಯಾಲಕಿ ಹೊಡೆಯುವವನಲ್ಲ, ಕುಡಿಯುವವನೂ ಅಲ್ಲ. ತಾಯಿ ಎದುರಿಗಿದ್ದರೆ ಅವನಿಗೆ ನಾಲಿಗೆ ಹೊರಳುತ್ತಿರಲಿಲ್ಲ, ಅದೊಂದೇ ಅವನ ದೋಷ. ಅವನ ತಾಯಿ ಎದುರಿಗಿಲ್ಲದ ಹೊತ್ತೇ ಆ ಮನೆಯಲ್ಲಿರಲಿಲ್ಲ. ಒಲೆಯ ಬಳಿಯ ಕುರ್ಚಿ ಮುದುಕಿಯದು, ಹಿಟ್ಟಿನ ಡಬ್ಬಿಯ ಬೀಗದಕೈ ಮುದುಕಿಯ ಸೊಂಟದಲ್ಲಿ. ಭಾನುವಾರಗಳಂದು ಡೀಲಿಯಾ ಹೋದರೆ ವಿನ್ನಿಯೊಂದಿಗೆ ಅಂಗಳದಲ್ಲಿ ನಿಂತೇ ಮಾತಾಡಿ ಬರಬೇಕಾಗುತ್ತಿತ್ತು.

ಮೊದಲ ಮಗು, ಗಂಡು, ಆ ಡಿಸೆಂಬರಿನಲ್ಲಿ ಸತ್ತೇ ಹುಟ್ಟಿತು. ಉಸಿರಾಡದ ಮಗುವಿಗೆ ದೀಕ್ಷಾಸ್ನಾನವಿಲ್ಲ, ದೀಕ್ಷೆಯಾಗದ್ದಕ್ಕೆ ಚರ್ಚಿನ ಮಣ್ಣಿಲ್ಲ. ಬೆಳಕು ಹರಿಯುವ ಮುನ್ನ ಮ್ಯಾಲಕಿ ಅದನ್ನು ಒಂದು ಸಣ್ಣ ಪೆಟ್ಟಿಗೆಯಲ್ಲಿಟ್ಟು ಕಂಕುಳಲ್ಲಿ ಹಿಡಿದು ಹೊರಗೆ ಹೋದ, ಬೆಳಕಾದ ಮೇಲೆ ಬರಿಗೈಯಲ್ಲಿ ಬಂದ. ಹಿಂದಿನವರು ಇಂಥ ಮಕ್ಕಳನ್ನು ಹೂಳುತ್ತಿದ್ದದ್ದು ಬೆಟ್ಟದ ಮಗ್ಗುಲಿನ ಹಳೆಯ ಮಣ್ಣುಕೋಟೆಯಲ್ಲಿ. ಅದರೊಳಗೆ ಎಲ್ಲಿ ಎಂದು ತಾಯಂದಿರಿಗೆ ಹೇಳುವ ಪದ್ಧತಿ ಇರಲಿಲ್ಲ. ಒಂದೂವರೆ ವರ್ಷದ ನಂತರ ಎರಡನೆಯದೂ ಹಾಗೆಯೇ ಆಯಿತು. ಹೆಣ್ಣು ಮಗು. ವಿನ್ನಿ ಈ ಸಲ ಗಂಡನನ್ನು ನೇರವಾಗಿ ಕೇಳಿದಳು, ಎಲ್ಲಿಟ್ಟೆ ಎಂದು. ಅವನು ತಾಯಿಯ ಮುಖ ನೋಡಿದ. ಮುದುಕಿ, ಆದದ್ದು ಆಯಿತು, ಅದನ್ನೆಲ್ಲ ಕೆದಕಬಾರದು ಅಂದಳು.

ಆ ವರ್ಷದ ಹ್ಯಾಲೊವೀನ್ ದಿನ ನಡೆದದ್ದನ್ನು ಡೀಲಿಯಾಗೆ ಹೇಳಿದ್ದು ಡೆವಾನಿಯವರ ಮನೆಗೆ ಬಟ್ಟೆ ಒಗೆಯಲು ಹೋಗುತ್ತಿದ್ದ ಹೆಂಗಸು. ವಿನ್ನಿ ಅಂದು ಕೋಲ್‌ಕ್ಯಾನನ್ ಮಾಡಿ, ಮ್ಯಾಲಕಿಯ ಸತ್ತ ತಂದೆಯ ಪಾಲನ್ನು ಒಲೆಯ ಬಳಿ ಇಟ್ಟಳು. ಪಕ್ಕದಲ್ಲಿ ಇನ್ನೆರಡು ಸಣ್ಣ ಬಸಿಗಳನ್ನೂ ಇಟ್ಟಳು. ಒಂದೊಂದರಲ್ಲೂ ಒಂದೊಂದು ಚಮಚ ಕೋಲ್‌ಕ್ಯಾನನ್, ಅದರ ಮೇಲೆ ಬೆರಳುಗುರಿನಷ್ಟು ಬೆಣ್ಣೆ. ಮುದುಕಿ ಅದು ಯಾರಿಗೆ ಅಂದಳು. ಮಕ್ಕಳಿಗೆ ಅಂದಳು ವಿನ್ನಿ.

"ದೀಕ್ಷೆ ಆಗ್ದೇ ಇರೋವು ಬರಲ್ಲ" ಅಂದಳು ಮುದುಕಿ. "ಸತ್ತೋರು ಮನೆಗೆ ಬರೋ ದಿನಾನೂ ಅವು ಬರಲ್ಲ. ಅವಕ್ಕೆ ದಾರಿ ಇಲ್ಲ. ಸುಮ್ನೆ ಬೆಣ್ಣೆ ದಂಡ ಮಾಡ್ಬೇಡ."

ಆ ಎರಡು ಬಸಿಗಳನ್ನು ಎತ್ತಿ ಹಂದಿಯ ಬಾನಿಗೆ ಸುರಿದಳು. ಮ್ಯಾಲಕಿ ಅಲ್ಲೇ ಇದ್ದ. ವಿನ್ನಿ ಬಸಿ ತೊಳೆದಿಟ್ಟಳಂತೆ. ಮರುದಿನ ಸಂತರ ಹಬ್ಬದ ಬೆಳಗ್ಗೆ ಎಲ್ಲರೂ ಪೂಜೆಗೆ ಹೊರಟಾಗ ಅವಳಿರಲಿಲ್ಲ. ಮಣ್ಣುಕೋಟೆಯ ಒಳಗೆ ಮೊಣಕಾಲೂರಿ ಕುಳಿತು, ಅಡುಗೆಮನೆಯ ದೊಡ್ಡ ಕಬ್ಬಿಣದ ಸೌಟಿನಿಂದ ನೆಲ ಅಗೆಯುತ್ತಿದ್ದಳು. ಆಗಲೇ ಐದಾರು ಕಡೆ ಅಗೆದಾಗಿತ್ತು. ಮಳೆ ಬೀಳುತ್ತಿತ್ತು. ಉಗುರು ಕಿತ್ತು ರಕ್ತ ಬರುತ್ತಿದ್ದರೂ ಅವಳಿಗೆ ಅರಿವಿರಲಿಲ್ಲ. ದಾರಿ ಇಲ್ಲದಿದ್ದರೆ ತಾನೇ ಹೋಗಿ ಕರೆದುಕೊಂಡು ಬರುತ್ತೇನೆ ಎಂದು, ಎಳೆಯಲು ಬಂದ ಗಂಡಸರಿಗೆ ಮೆಲ್ಲಗೆ, ವಿವರಿಸುವವಳ ಹಾಗೆ ಹೇಳಿದಳಂತೆ.

ಮರುವಾರವೇ ವೈದ್ಯನೊಬ್ಬ ಬಂದು ಕಾಗದ ಬರೆದ. ಮ್ಯಾಲಕಿ ಸಹಿ ಹಾಕಿದ. ವಿನ್ನಿಯನ್ನು ಜಿಲ್ಲೆಯ ಹುಚ್ಚಾಸ್ಪತ್ರೆಗೆ ಸೇರಿಸಿದರು.

ಡೀಲಿಯಾ ತಂದೆಯ ಮುಂದೆ ನಿಂತು, ತಂಗಿಯನ್ನು ಮನೆಗೆ ಕರೆತರೋಣ ಎಂದು ಕೇಳಿದಳು. ಜೀವಮಾನದಲ್ಲಿ ಅವನನ್ನು ಅವಳು ಕೇಳಿದ್ದೇ ಅದೊಂದು. ಕೊಟ್ಟ ಹೆಣ್ಣು ಕೊಟ್ಟಾಯಿತು, ಡೆವಾನಿಗಳ ಹುಚ್ಚನ್ನು ತನ್ನ ಮನೆಗೆ ತರುವುದಿಲ್ಲ ಎಂದು ತೇಡಿ ಹೇಳಿದ. ಅವನು ಆ ವರ್ಷವಿಡೀ ಒಟ್ಟಿಗೆ ಆಡಿದ ಅತಿ ಉದ್ದದ ಮಾತು ಅದು.

ಮುಂದಿನ ವರ್ಷದ ಹ್ಯಾಲೊವೀನ್ ದಿನ ಡೀಲಿಯಾ ಬ್ರ್ಯಾಕನ್ನು ಬಟ್ಟೆಯಲ್ಲಿ ಸುತ್ತಿಕೊಂಡು ಬೆಳಗಿನ ಬಸ್ಸು ಹತ್ತಿದಳು. ತಿಂಗಳಿಗೊಮ್ಮೆ ಹೋಗುತ್ತಿದ್ದಳು. ಆದರೆ ಹಬ್ಬದ ದಿನ ಹೋದದ್ದು ಅದೇ ಮೊದಲು. ಹಿಂದಿನ ಭೇಟಿಯಲ್ಲಿ ವೈದ್ಯರು, ವಿನ್ನಿ ಶಾಂತವಾಗಿದ್ದಾಳೆ, ಕ್ರಿಸ್‌ಮಸ್ ಹೊತ್ತಿಗೆ ಮನೆಗೆ ಕಳಿಸುವುದನ್ನು ಯೋಚಿಸಬಹುದು, ಮ್ಯಾಲಕಿಗೂ ಬರೆಯುತ್ತೇನೆ ಎಂದಿದ್ದರು. ದಾರಿಯುದ್ದಕ್ಕೂ ಡೀಲಿಯಾಳ ಮಡಿಲಲ್ಲಿ ರೊಟ್ಟಿ ಬೆಚ್ಚಗಿತ್ತು. ಈ ಸಲ ಅದರೊಳಗೆ ದ್ರಾಕ್ಷಿ ಬಿಟ್ಟು ಬೇರೇನೂ ಇರಲಿಲ್ಲ.

ಭೇಟಿಯ ಕೋಣೆಯಲ್ಲಿ ಎತ್ತರದ ಕಿಟಕಿ, ಉದ್ದದ ಮೇಜು, ಬಾಗಿಲಲ್ಲಿ ದಾದಿ. ರೊಟ್ಟಿಯನ್ನು ದಾದಿ ಮೊದಲು ತನ್ನ ಕೈಗೆ ತೆಗೆದುಕೊಂಡಳು. ಹೊರಗಿಂದ ಬಂದ ತಿನಿಸಿನೊಳಗೆ ಏನಾದರೂ ಅಡಗಿಸಿಟ್ಟಿದ್ದರೆ ಎಂಬ ಭಯ ಅವರಿಗೆ. ಚಾಕುವಿನಿಂದ ಉದ್ದಕ್ಕೂ ಅಡ್ಡಕ್ಕೂ ಸೀಳಿ, ಬೆರಳಿನಿಂದ ಕೆದಕಿ, ಕೊನೆಗೆ ಪುಡಿಯೆನ್ನಬಹುದಾದ್ದನ್ನು ತಟ್ಟೆಯಲ್ಲಿ ಅವರ ಮುಂದೆ ತಂದಿಟ್ಟಳು.

ವಿನ್ನಿ ದಪ್ಪಗಾಗಿದ್ದಳು, ಮುಖ ಊದಿ ಬಿಳಿಚಿಕೊಂಡಿತ್ತು. ಕಿವಿಯವರೆಗೆ ಕತ್ತರಿಸಿದ ಕೂದಲು. ಪುಡಿಯೊಳಗಿಂದ ಒಂದು ದ್ರಾಕ್ಷಿಯನ್ನು ಆರಿಸಿ ಬಾಯಿಗಿಟ್ಟುಕೊಂಡಳು.

"ಉಂಗುರ ಹಾಕಿಲ್ವಾ?" ಎಂದು ಕೇಳಿದಳು.

ಕೇಳಿದ್ದರಲ್ಲಿ ಕೊಂಕಿರಲಿಲ್ಲ. ಸಣ್ಣವಳಿದ್ದಾಗ ಕೇಳುತ್ತಿದ್ದಂತೆಯೇ ಕೇಳಿದಳು. ಅದರಿಂದಲೇ ಇರಬೇಕು, ನಾಲ್ಕು ವರ್ಷ ಕಟ್ಟಿ ಹಿಡಿದಿದ್ದು ಡೀಲಿಯಾಳ ಬಾಯಿಂದ ಹೊರಗೆ ಬಂತು.

"ಆವತ್ತು ಉಂಗುರ ನಿಂಗೆ ತಾನಾಗಿ ಬರ್ಲಿಲ್ಲ ಕಣೇ ವಿನ್ನಿ. ಬರೋ ಹಾಗೆ ಮಾಡಿದ್ದು ನಾನು. ಮೇಲೆ ದ್ರಾಕ್ಷಿ ಗುರುತು ಇಟ್ಟು, ತಟ್ಟೆ ನಿನ್ನ ಕಡೆ ತಿರುಗಿಸ್ದೆ. ನೀನು ಇಂಗ್ಲೆಂಡಿಗೆ ಹೋಗ್ಬಾರ್ದು ಅಂತ. ನಾನೊಬ್ಳೇ ಆಗ್ತೀನಿ ಅಂತ."

ವಿನ್ನಿ ಅವಳನ್ನು ನೋಡಿದಳು. ತುಟಿ ಅದುರಿತು. ಅಳುತ್ತಾಳೆ ಎಂದುಕೊಂಡ ಡೀಲಿಯಾ ಕೈ ಚಾಚಿದಳು. ಆದರೆ ವಿನ್ನಿ ನಗತೊಡಗಿದಳು. ಮೊದಲು ಮೂಗಿನಲ್ಲಿ, ಆಮೇಲೆ ಬಾಯಿ ಬಿಟ್ಟು, ಆಮೇಲೆ ಮೇಜಿನ ಮೇಲೆ ತಲೆಯಿಟ್ಟು ಹೊಟ್ಟೆ ಹಿಡಿದುಕೊಂಡು. ಫೀನಿಯ ಮನೆಯ ಹಳೆಯ ನಗು ಅದು. ಆ ಕೋಣೆಯ ಗೋಡೆಗಳ ನಡುವೆ ಅದನ್ನು ಕೇಳಿ ಡೀಲಿಯಾ ಬಾಗಿಲಲ್ಲಿದ್ದ ದಾದಿಯ ಕಡೆ ನೋಡಿದಳು.

"ನಾಲ್ಕು ವರ್ಷ ಇದನ್ನ ಹೊಟ್ಟೇಲಿಟ್ಕೊಂಡು ಓಡಾಡಿದ್ಯಾ?" ಅಂದಳು ವಿನ್ನಿ ಉಸಿರು ತಿರುಗಿದಾಗ. "ಆವತ್ತು ಬೆಳಗ್ಗೆ ನಾನು ನೀರಿಗೆ ಹೋಗಿದ್ನಲ್ಲ, ಬಾವಿ ಹತ್ರ ಮ್ಯಾಲಕಿ ನಿಂತಿದ್ದ. ಹ್ಞೂಂ ಅಂತ ಅಲ್ಲೇ ಹೇಳ್ಬಿಟ್ಟಿದ್ದೆ. ಅವ್ನ ದನಿ ಮೆತ್ತಗಿತ್ತು, ಅದಕ್ಕೇ. ಉಂಗುರ ಬಂದಾಗ, ಅಯ್ಯೋ ದೇವ್ರೇ ಇಷ್ಟು ಬೇಗ ಗೊತ್ತಾಯ್ತಾ ಇವ್ರಿಗೆ, ಅಂತ ಹೆದ್ರಿದ್ದೆ ನಾನು."

ಹೇಳುತ್ತ ಹೇಳುತ್ತ ಮತ್ತೆ ನಗು ಉಕ್ಕಿತು. ದಾದಿ ಬಂದು ಅವಳ ತೋಳು ಹಿಡಿದಳು. ನಗು ನಿಲ್ಲಲಿಲ್ಲ. ಇನ್ನೊಬ್ಬ ದಾದಿಯೂ ಬಂದಳು. ಇಬ್ಬರೂ ಸೇರಿ ವಿನ್ನಿಯನ್ನು ಒಳಗೆ ಕರೆದೊಯ್ದರು. ಕಾರಿಡಾರಿನ ಕೊನೆಯ ಬಾಗಿಲು ಮುಚ್ಚುವವರೆಗೂ ಆ ನಗು ಕೇಳಿಸುತ್ತಿತ್ತು.

ಹದಿನೈದು ದಿನದ ಮೇಲೆ ವೈದ್ಯರ ಕಾಗದ ಬಂತು. ಭೇಟಿಯ ಸಮಯದಲ್ಲಿ ರೋಗಿಗೆ ಕಾರಣವಿಲ್ಲದ ನಗೆಯ ಉನ್ಮಾದ ಬಂದಿದ್ದು, ಆಮೇಲೆ ಎರಡು ದಿನ ಮರುಕಳಿಸಿದೆ; ಸದ್ಯಕ್ಕೆ ಮನೆಗೆ ಕಳಿಸುವ ಮಾತಿಲ್ಲ ಎಂದು. ಡೀಲಿಯಾ ಮತ್ತೆ ಬಸ್ಸು ಹತ್ತಿ ಹೋಗಿ ವೈದ್ಯರ ಮುಂದೆ ಕುಳಿತಳು. ಆ ನಗುವಿಗೆ ಕಾರಣ ಇತ್ತು ಎಂದಳು. ಏನು ಕಾರಣ ಎಂದು ಅವರು ಕೇಳಿದರು. ರೊಟ್ಟಿ, ಉಂಗುರ, ಮೂರು ದ್ರಾಕ್ಷಿ, ತಿರುಗಿಸಿದ ತಟ್ಟೆ, ಬಾವಿ, ಎಲ್ಲವನ್ನೂ ಅವಳು ಹೇಳಿದಳು. ವೈದ್ಯರು ಕೊನೆಯವರೆಗೂ ತಾಳ್ಮೆಯಿಂದ ಕೇಳಿದರು. ಆಮೇಲೆ, ನಿಮ್ಮ ತಾಯಿಯ ಕಡೆಯಲ್ಲಿ ಈ ಕಾಯಿಲೆ ಬೇರೆ ಯಾರಿಗಾದರೂ ಇತ್ತೇ ಎಂದು ಕೇಳಿ ಪೆನ್ನು ತೆಗೆದರು.

ಬಾವಿಯ ಬಳಿಯ ಮಾತು ನಿಜವೋ, ಅಕ್ಕನ ಎದೆಯ ಭಾರ ಇಳಿಸಲು ವಿನ್ನಿ ಆ ಕ್ಷಣದಲ್ಲೇ ಕಟ್ಟಿದ್ದೋ ಡೀಲಿಯಾಗೆ ಗೊತ್ತಾಗಲಿಲ್ಲ. ಒಮ್ಮೊಮ್ಮೆ ನಿಜವೆನಿಸುತ್ತಿತ್ತು. ಹಾಲು ಕರೆಯುವಾಗ, ಇಲ್ಲ, ಆ ವಾರವೆಲ್ಲ ನೀರು ತಂದವಳು ನಾನೇ ಎಂದು ನೆನಪಾಗುತ್ತಿತ್ತು. ಆ ನೆನಪೂ ಖಚಿತವಿರಲಿಲ್ಲ. ಎರಡರಲ್ಲಿ ಯಾವುದು ನಿಜವಾದರೂ, ತಂಗಿ ಆಸ್ಪತ್ರೆಯೊಳಗೇ ಇದ್ದಳು. ಕೇಳಬಹುದಿತ್ತು, ಆದರೆ ಆಮೇಲಿನ ಭೇಟಿಗಳಲ್ಲಿ ವಿನ್ನಿಗೆ ಏನೋ ಔಷಧ ಕೊಟ್ಟಿರುತ್ತಿದ್ದರು, ಕೇಳಿದ್ದು ಅವಳನ್ನು ತಲುಪುತ್ತಿರಲಿಲ್ಲ. ಡೀಲಿಯಾ ಬ್ರ್ಯಾಕ್ ಮಾಡುವುದನ್ನು ನಿಲ್ಲಿಸಿದಳು. ಹಬ್ಬದ ದಿನ ತೇಡಿ ಬಟ್ಟಲು ಕುಟ್ಟಿದಾಗ ಅಂಗಡಿಯಿಂದ ತಂದ ರೊಟ್ಟಿ ಮುಂದಿಟ್ಟಳು. ಅವನು ಅದನ್ನು ತಿರುಗಿಸಿ ನೋಡಿ ತಿಂದ.

ನಗುವಿನ ಆ ಭೇಟಿಯ ನಂತರದ ಮೂರನೆಯ ವಸಂತದಲ್ಲಿ ತೇಡಿ ಹಟ್ಟಿಯ ಬಾಗಿಲಲ್ಲಿ ಕುಸಿದು ಸತ್ತ. ಬಂದವರೆಲ್ಲ ಚಹಾ ಕುಡಿದು, ಜಪ ಮುಗಿಸಿ ಹೋದರು. ಮಣ್ಣು ಮಾಡಿದ ನಾಲ್ಕನೆಯ ದಿನ ಡೀಲಿಯಾ ಡೆವಾನಿಯ ಮನೆಗೆ ನಡೆದು ಹೋದಳು. ಮುದುಕಿಯೂ ಆ ಚಳಿಗಾಲದಲ್ಲಿ ತೀರಿಕೊಂಡಿದ್ದಳು. ಒಲೆಯ ಬಳಿಯ ಕುರ್ಚಿ ಖಾಲಿಯಿತ್ತು, ಮ್ಯಾಲಕಿ ಮಾತ್ರ ಬಾಗಿಲ ಬಳಿಯ ಸ್ಟೂಲಿನ ಮೇಲೆಯೇ ಕುಳಿತಿದ್ದ. ತಂಗಿಯ ಹೊಣೆ ತನಗೆ ಬಿಡಲು ಒಪ್ಪಿಗೆ ಬೇಕು ಎಂದು ಅವಳು ಕಾಗದ ಮುಂದಿಟ್ಟಳು. ಅವನು ಓದದೆ ಸಹಿ ಹಾಕಿದ. ಅವಳು ಹೊರಟಾಗ ಏನೋ ಹೇಳಲು ಎದ್ದವನಂತೆ ಕಂಡ. ಮತ್ತೆ ಅಲ್ಲೇ ಕುಳಿತ.

ಮೇ ತಿಂಗಳಲ್ಲಿ ವಿನ್ನಿ ಮನೆಗೆ ಬಂದಳು. ಇಪ್ಪತ್ತೆಂಟು ವರ್ಷದವಳು ನಲವತ್ತೈದರವಳಂತೆ ಕಾಣುತ್ತಿದ್ದಳು. ಹೇಳಿದ ಕೆಲಸ ಮಾಡುತ್ತಿದ್ದಳು, ಹೇಳದಿದ್ದರೆ ಕುಳಿತಿರುತ್ತಿದ್ದಳು. ಹೊರಗೆ ಹೋಗುವ ಮುನ್ನ ಪ್ರತಿ ಬಾಗಿಲಲ್ಲೂ ನಿಂತು, ಯಾರಾದರೂ ಹೋಗು ಎನ್ನುವವರೆಗೆ ಕಾಯುತ್ತಿದ್ದಳು. ಡೀಲಿಯಾ ಮೊದಮೊದಲು ಅತ್ತಳು, ಆಮೇಲೆ ಎಲ್ಲ ಬಾಗಿಲುಗಳನ್ನೂ ತೆರೆದೇ ಇಡತೊಡಗಿದಳು. ಚಳಿಗಾಲದಲ್ಲೂ ಇಟ್ಟಳು. ಊರಿನ ಕೆಲವರು ಅದನ್ನು ನೋಡಿ, ಈಗ ಹುಚ್ಚು ಇಬ್ಬರಿಗೂ ಅಂದರು.

ಒಂದು ವರ್ಷ ಕಳೆದು, ಕೇಲ್ ಸಸಿ ನೆಡುವ ಕಾಲದಲ್ಲಿ, ಒಂದು ಮಧ್ಯಾಹ್ನ ಮ್ಯಾಲಕಿ ಬಂದ. ಗೇಟಿನ ಹೊರಗೇ ನಿಂತ. ಹಿತ್ತಿಲಲ್ಲಿ ಸಸಿ ಊರುತ್ತಿದ್ದ ಡೀಲಿಯಾ ಕೈ ಒರೆಸಿಕೊಂಡು ಹೋದಳು. ಅವನು ಟೋಪಿ ಕಳಚಿ ಕೈಯಲ್ಲಿ ಹಿಡಿದಿದ್ದ. ಒಳಗೆ ಬಾ ಎಂದರೆ ಬರಲಿಲ್ಲ.

"ಅವಳಿಗೆ ಹೇಳು" ಅಂದ. "ಕೋಟೆ ಒಳಗೆ, ಮುಳ್ಳುಮರ ಇದ್ಯಲ್ಲ, ಅಲ್ಲಿಂದ ಪೂರ್ವಕ್ಕೆ ಏಳು ಹೆಜ್ಜೆ. ಬಿಳೀ ಕಲ್ಲು ಎರಡು ಇಟ್ಟಿದೀನಿ. ಇಬ್ರೂ ಜೊತೇಲೇ ಇದಾರೆ. ಅವಳು ಅಗೆದಿದ್ದು ಪಶ್ಚಿಮದ ಕಡೆ."

"ಐದು ವರ್ಷದ ಹಿಂದೆ ಹೇಳೋಕೆ ಏನಾಗಿತ್ತು ನಿಂಗೆ?" ಎಂದಳು ಡೀಲಿಯಾ.

ಅವನು ಟೋಪಿಯ ಅಂಚನ್ನು ಬೆರಳಿನಲ್ಲಿ ಸುತ್ತಿದ. "ಅಮ್ಮ ಇದ್ರು" ಅಂದ. ಟೋಪಿ ಹಾಕಿಕೊಂಡು ಬಂದ ದಾರಿಯಲ್ಲೇ ಹೋದ.

ಡೀಲಿಯಾ ಒಳಗೆ ಹೋಗಿ ಇದ್ದದ್ದನ್ನು ಇದ್ದಂತೆ ಹೇಳಿದಳು. ವಿನ್ನಿ ಬಟಾಣಿ ಸುಲಿಯುತ್ತಿದ್ದಳು. ಕೈಯಲ್ಲಿದ್ದ ಕೋಡನ್ನು ಸುಲಿದು ಮುಗಿಸಿ, ಶಾಲು ತೆಗೆದುಕೊಂಡು, ಬಾಗಿಲಲ್ಲಿ ಯಾರಿಗೂ ಕಾಯದೆ ಹೊರಟಳು. ಡೀಲಿಯಾ ಹಿಂದೆ ಹಿಂದೆ ನಡೆದಳು.

ಜೂನ್ ತಿಂಗಳಾದ್ದರಿಂದ ಕೋಟೆಯ ಹುಲ್ಲು ಮೊಣಕಾಲಿನ ಎತ್ತರಕ್ಕಿತ್ತು. ವಿನ್ನಿ ಮುಳ್ಳುಮರಕ್ಕೆ ಬೆನ್ನು ಕೊಟ್ಟು ನಿಂತು, ಬಾಯಲ್ಲಿ ಎಣಿಸುತ್ತ ಹೆಜ್ಜೆ ಹಾಕಿದಳು. ಗಂಡಸಿನ ಹೆಜ್ಜೆ ಉದ್ದ ಎಂದು ಏಳರ ಮೇಲೆ ಇನ್ನೆರಡು ಇಟ್ಟಳು. ಹುಲ್ಲನ್ನು ಸರಿಸಿದಾಗ ಕಲ್ಲುಗಳು ಕಂಡವು, ಎರಡು, ಕೋಳಿಮೊಟ್ಟೆಗಿಂತ ಸ್ವಲ್ಪ ದೊಡ್ಡವು. ಅವಳು ಪಕ್ಕದಲ್ಲಿ ಕುಳಿತಳು. ಅಳಲಿಲ್ಲ, ಜಪವನ್ನೂ ಮಾಡಲಿಲ್ಲ. ಸುತ್ತಲಿನ ಹುಲ್ಲನ್ನು ಕೈಯಲ್ಲೇ ಕಿತ್ತು, ಒಂದು ಕಂಬಳಿಯಗಲದಷ್ಟು ನೆಲ ಬಿಡಿಸಿದಳು. ಅದಕ್ಕೆ ಬಹಳ ಹೊತ್ತು ಹಿಡಿಯಿತು. ಡೀಲಿಯಾ ಸಹಾಯಕ್ಕೆ ಬಗ್ಗಿದಾಗ, ಬೇಡ ಎಂಬಂತೆ ಮೊಣಕೈಯಿಂದ ಮೆಲ್ಲಗೆ ತಳ್ಳಿದಳು. ಡೀಲಿಯಾ ದೂರ ಹೋಗಿ ಕೋಟೆಯ ದಿಬ್ಬದ ಮೇಲೆ ಕುಳಿತಳು.

ಬಿಸಿಲು ವಾಲಿದ ಮೇಲೆ ವಿನ್ನಿ ಎದ್ದು, ಲಂಗಕ್ಕೆ ಕೈ ಒರೆಸಿಕೊಂಡಳು.

"ದೊಡ್ಡವನದು ಯಾವ ಕಲ್ಲು ಅಂತ ಹೇಳ್ಲಿಲ್ವಾ ಅವ್ನು?"

"ಇಲ್ಲ ಕಣೇ."

"ನಾಳೆ ಹೋಗಿ ಕೇಳ್ಕೊಂಡು ಬಾ" ಅಂದಳು ವಿನ್ನಿ. ಆಮೇಲೆ ಇಬ್ಬರೂ ಇಳಿದು ಮನೆಯ ಕಡೆ ನಡೆದರು. ಹಾಲು ಕರೆಯುವ ಹೊತ್ತು ಆಗಲೇ ಮೀರಿತ್ತು.